ಅಗ್ಗ ಅನ್ನೂದಕ್ಕಿಂತ ಮಾರಾವ ಯಾರು ನೋಡ್ರಿ
'ಅಗ್ಗದ ಗೇಮ್ ಕೀ ಎಲ್ಲಾ ಮೋಸಾನ' ಅಂತ ಒಂದು ಲೇಖನದಾಗ ಬರದದ್ದು ಪೂರ್ತಿ ಖರೆ ಅಲ್ರಿ. ಕೀ ಅಂದ್ರ ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಅಂಗಡ್ಯಾಗ ಹಾಕಿ ಗೇಮ್ ಪಡಿಯೋ ಕೋಡ್. ಹಂಬಲ್, ಫೆನಾಟಿಕಲ್ ಅನ್ನೋ ಆನ್‌ಲೈನ್ ಅಂಗಡಿಯವ್ರಿಗೆ ಕೀ ಗೇಮ್ ಪ್ರಕಾಶಕರ ಕಡಿಂದನ ಬರ್ತಾವ. ಜಿ2ಎ, ಕಿಂಗ್ವಿನ್ ಅನ್ನೋ ವೆಬ್‌ಸೈಟ್ ಅಂದ್ರ ಸಂತಿ ಇದ್ದಂಗ, ಮಾರಾವ ಬ್ಯಾರೆ ಯಾವನೋ. ಖಡೇಬಜಾರದ ಅಂಗಡ್ಯಾಗ ಬಿಲ್ ಕೇಳವ್ರು ಇಲ್ಲಿ ಮಾರಾವ ಯಾರಂತ ನೋಡಂಗಿಲ್ಲ! ಕದ್ದ ಕಾರ್ಡಿನಿಂದ ಕೊಂಡ ಕೀ ಇತ್ತಂದ್ರ, ಕಾರ್ಡಿನ ಮಾಲಕ ಬ್ಯಾಂಕಿಗೆ ದೂರು ಕೊಟ್ಟು ರೊಕ್ಕ ವಾಪಸ್ ತಗೋತಾನ, ಪ್ರಕಾಶಕರು ಕೀ ರದ್ದು ಮಾಡಬಹುದು, ಮಾಡಿದ್ರ ನಿಮ್ಮ ಸ್ಟೀಮ್ ಲೈಬ್ರರಿಯಿಂದ ಗೇಮ್ ಮಾಯ. ಕೊಂಡು 14 ದಿನದೊಳಗ, 2 ತಾಸಿಗಿಂತ ಕಮ್ಮಿ ಆಡಿದ್ರ ಸ್ಟೀಮ್ ಕೊಡೋ ರಿಫಂಡ್ ಹೊರಗಿಂದ ತಂದ ಕೀಗೆ ಸಿಗಂಗಿಲ್ಲ. ಅಷ್ಟಾದ್ರೂ ತಗೊಳ್ಳೂದಾದ್ರ, ಕೀ ಭಾರತದಾಗ ಆಕ್ಟಿವೇಟ್ ಆಗ್ತದೋ ಇಲ್ಲೋ ಮೊದ್ಲ ಓದ್ರಿ. ಕೀ ಬದಲಿ 'ಅಕೌಂಟ್' (ಗೇಮ್ ಇರೋ ಬ್ಯಾರೆಯವ್ರ ಖಾತೆ) ಅಂತ ಬರದಿತ್ತಂದ್ರ ಮುಟ್ಟಬ್ಯಾಡ್ರಿ. ಅದರ ಮೂಲ ಇಮೇಲ್ ಮಾರಿದವನ ಕೈಯಾಗನ ಉಳೀಬಹುದು, ಅಂವ ಬೇಕಾದಾಗ ಅಕೌಂಟ್ ವಾಪಸ್ ಕಸಗೋಬಹುದು.