ದೇಹ ತಾನೇ ವಾಸಿ ಮಾಡಿಕೊಳ್ಳುತ್ತದೆಯೇ? ಆಸ್ಟಿಯೋಪತಿ: ಪರ-ವಿರೋಧ

ಪರ: ಭುಜ ನೋವು ಅಂದೆ, ಪಕ್ಕೆ ಮುಟ್ಟಿದರು

ಆಸ್ಟಿಯೋಪತಿ ಕೈಯಿಂದಲೇ ಮಾಡುವ ಚಿಕಿತ್ಸೆ. ಅದು ಅಂದರೆ ಮೂಳೆ ಲಟಕ್ ಅನ್ನಿಸುವುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹೆಸರೂ ಹಾಗೇ ಇದೆ, ಮೂಳೆ ಮತ್ತು ನೋವು ಅನ್ನುವ ಎರಡು ಗ್ರೀಕ್ ಪದ ಸೇರಿ ಆದದ್ದು. ಆದರೆ 1874ರಲ್ಲಿ ಇದನ್ನು ಸಾರಿದ ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಹೇಳಿದ್ದು ಬೇರೆ. ದೇಹ ಬಿಡಿಭಾಗಗಳ ಮೂಟೆಯಲ್ಲ, ಒಂದೇ. ರಚನೆ ಕೆಟ್ಟರೆ ಕೆಲಸವೂ ಕೆಡುತ್ತದೆ. ವಾಸಿಯಾಗುವ ಶಕ್ತಿ ದೇಹದಲ್ಲೇ ಇದೆ, ವೈದ್ಯ ಅಡ್ಡಿ ತೆಗೆಯಬೇಕು ಅಷ್ಟೇ. ಪಾದರಸವನ್ನೇ ಔಷಧಿ ಅಂತ ಕುಡಿಸುತ್ತಿದ್ದ ಕಾಲದಲ್ಲಿ ಈ ಮಾತು ಆಡಲು ಧೈರ್ಯ ಬೇಕಿತ್ತು, ಅಲ್ವಾ?

ನನ್ನ ಕಥೆ ಕೇಳಿ. ಬಲಗೈ ಎತ್ತಿ ತಲೆ ಬಾಚಲು ಆಗುತ್ತಿರಲಿಲ್ಲ. ಮಾತ್ರೆ ನುಂಗಿದಷ್ಟು ದಿನ ಆರಾಮ, ಬಿಟ್ಟರೆ ಮತ್ತೆ ಅದೇ. ಆಸ್ಟಿಯೋಪಾತ್ ಹತ್ತಿರ ಹೋದರೆ ಅವರು ಭುಜ ಮುಟ್ಟಲೇ ಇಲ್ಲ. ಬೆನ್ನ ಮೇಲೆ ಎರಡೂ ಅಂಗೈ ಚಪ್ಪಟೆಯಾಗಿ ಇಟ್ಟು, ಉಸಿರು ಎಳೆಯಿರಿ ಅಂದರು. ಎಡಗಡೆ ಪಕ್ಕೆ ಏಳುತ್ತಿತ್ತು, ಬಲಗಡೆಯದು ಅಲುಗಲಿಲ್ಲ. ಅದು ನನಗೂ ಗೊತ್ತಾಯಿತು! ಇಷ್ಟು ದಿನ ಯಾರೂ ಅಲ್ಲಿ ಕೈ ಇಟ್ಟು ನೋಡಿರಲಿಲ್ಲ. ನಾಲ್ಕು ಸಲ ಹೋದೆ. ಈಗ ಜಡೆ ನಾನೇ ಹಾಕಿಕೊಳ್ಳುತ್ತೇನೆ. ಪುರಾವೆ ಎಲ್ಲಿ ಅನ್ನುವವರು ಬಂದು ಜಡೆ ನೋಡಲಿ.

ವಿರೋಧ: ಜಡೆ ಚೆನ್ನಾಗಿದೆ, ಆದರೆ

ಈ ಕಡೆ ಬರೆಯಿರಿ ಅಂತ ನನಗೆ ಹೇಳಿದ್ದಾರೆ, ಬರೆಯುತ್ತಿದ್ದೇನೆ. ಸೊಂಟನೋವಿಗೆ ಇದರಿಂದ ಸ್ವಲ್ಪ ಅನುಕೂಲ ಅಂತ ಅಧ್ಯಯನಗಳಿವೆ, ಆ ತಂಟೆಗೆ ಹೋಗುವುದಿಲ್ಲ. ಭುಜನೋವು ಮಾತ್ರ ಎಷ್ಟೋ ಸಲ ಸುಮ್ನೆ ಬಿಟ್ಟರೂ ಹೋಗುತ್ತದೆ.

ತಕರಾರು ತತ್ವದ ಮೇಲೆ. ಹುಡುಗನಾಗಿದ್ದಾಗ ಸ್ಟಿಲ್, ತಗ್ಗಾಗಿ ಕಟ್ಟಿದ ಹಗ್ಗದ ಮೇಲೆ ಕತ್ತು ಇಟ್ಟು ಮಲಗಿದರಂತೆ, ತಲೆನೋವು ಹೋಯಿತಂತೆ. ಒಂದು ಹಗ್ಗದಿಂದ ಒಂದು ವೈದ್ಯಪದ್ಧತಿ! ಮುಂದೆ ಅವರ ಶಿಷ್ಯ ಸದರ್‌ಲ್ಯಾಂಡ್ ತಲೆಬುರುಡೆಯ ಮೂಳೆಗಳೂ ಲಯವಾಗಿ ಅಲುಗುತ್ತವೆ ಅಂದರು. ಒಂದೇ ತಲೆಯನ್ನು ಇಬ್ಬರು ಮುಟ್ಟಿ ನೋಡಿದರೆ ಆ ಲಯದ ಲೆಕ್ಕ ತಾಳೆಯಾಗುವುದಿಲ್ಲ. ಇನ್ನು ಅಮೆರಿಕದಲ್ಲಿ ಇದನ್ನು ಓದಿದವರು ಇವತ್ತು ಔಷಧಿ ಬರೆಯುತ್ತಾರೆ, ಆಪರೇಷನ್ನೂ ಮಾಡುತ್ತಾರೆ. ಅಡ್ಡಿ ತೆಗೆದರೆ ಸಾಕು ಅಂದಿದ್ದು ಏನಾಯಿತು?

ಸ್ಟಿಲ್ ಔಷಧಿಯ ಮೇಲೆ ನಂಬಿಕೆ ಕಳೆದುಕೊಂಡದ್ದು 1864ರಲ್ಲಿ, ಮಿದುಳಿನ ಪೊರೆಗೆ ಸೋಂಕು ತಗಲುವ ಮೆನಿಂಜೈಟಿಸ್‌ಗೆ ಮನೆಯ ಮೂರು ಮಕ್ಕಳು ಹೋದ ಮೇಲೆ. ಆ ಸಂಕಟ ಅರ್ಥವಾಗುತ್ತದೆ. ಆದರೆ ಆ ಕಾಯಿಲೆಯಲ್ಲಿ ಕತ್ತು ಸೆಟೆದುಕೊಳ್ಳುತ್ತದೆ. ಇವತ್ತು ಅಂಥ ಮಗುವನ್ನು ಕತ್ತಿನ ಬಿಗಿತ ಬಿಡಿಸುವವರ ಮುಂದೆ ಕೂರಿಸಿದರೆ? ಅದಕ್ಕೆ ಬೇಕಾದದ್ದು ಆ್ಯಂಟಿಬಯೋಟಿಕ್, ಅದೂ ತಡಮಾಡದೆ.