ಇಷ್ಟು ಸಾಲ ಸಾಲದು

ಅಮೆರಿಕ ಸರ್ಕಾರವನ್ನು ಮೆಚ್ಚಲೇಬೇಕು. 2025ರ ಅಕ್ಟೋಬರ್‌ನಲ್ಲಿ ಬಜೆಟ್ ಜಗಳವಾಗಿ ಕಚೇರಿಗಳಿಗೆ ಬೀಗ ಬಿದ್ದಿತ್ತು. ನೌಕರರಿಗೆ ಸಂಬಳವಿಲ್ಲ. ಆ ಬೀಗದ ನಡುವೆಯೇ ದೇಶದ ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. 37 ದಾಟಿದ್ದು ಆಗಸ್ಟ್‌ನಲ್ಲಷ್ಟೇ. ಅಂಗಡಿ ಮುಚ್ಚಿದಾಗಲೂ ಸಾಲ ಬೆಳೆಸುವುದು ಎಲ್ಲರ ಕೈಲಾಗುವ ಕೆಲಸವಲ್ಲ ಬಿಡಿ.

ಹಾಗಂತ ಸಾಲಕ್ಕೆ ಮಿತಿಯೇ ಇಲ್ಲ ಅಂದುಕೊಳ್ಳಬೇಡಿ. ಇದೆ, 1917ರಿಂದ ಕಾನೂನಿನಲ್ಲೇ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಅದೇ. ಕಾಲು ಹೊರಗೆ ಬಂದಾಗಲೆಲ್ಲ ಸಂಸತ್ತು ಸೇರಿ ಹಾಸಿಗೆಯನ್ನೇ ಉದ್ದ ಮಾಡುತ್ತದೆ, ಅಷ್ಟೇ. 2025ರ ಜುಲೈನಲ್ಲಿ ಒಂದೇ ಏಟಿಗೆ 5 ಲಕ್ಷ ಕೋಟಿಯಷ್ಟು ಉದ್ದ ಮಾಡಿತು. ಅದೇ ಕಾನೂನಿನಲ್ಲಿ ತೆರಿಗೆ ಕಡಿತವೂ ಇತ್ತು!

ಇದೆಲ್ಲದರಲ್ಲಿ ನನಗೆ ಪಾಪ ಅನ್ನಿಸುವುದು ನ್ಯೂಯಾರ್ಕಿನ ಸಾಲದ ಗಡಿಯಾರವನ್ನು ನೋಡಿದಾಗ. ಸೀಮೋರ್ ಡರ್ಸ್ಟ್ ಎಂಬ ಕಟ್ಟಡಗಳ ಧಣಿ 1989ರಲ್ಲಿ ಹಾಕಿಸಿದ ಫಲಕ ಅದು. ಮೇಲೆ ದೇಶದ ಸಾಲ, ಕೆಳಗೆ ನಿಮ್ಮ ಮನೆಯ ಪಾಲು. 2000ದ ಹೊತ್ತಿಗೆ ಸಾಲ ಇಳಿಯತೊಡಗಿತು. ಗಡಿಯಾರ ತಬ್ಬಿಬ್ಬಾಯಿತು. ಹಿಂದಕ್ಕೆ ಎಣಿಸುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಪರದೆ ಹೊದಿಸಿ ಮಲಗಿಸಿದರು. ಎರಡು ವರ್ಷಕ್ಕೆ ಮತ್ತೆ ಎಬ್ಬಿಸಬೇಕಾಯಿತು. 2008ರಲ್ಲಿ ಸಾಲ 10 ಲಕ್ಷ ಕೋಟಿ ಮುಟ್ಟಿದಾಗ ಇನ್ನೊಂದು ಅಂಕಿಗೆ ಜಾಗವೇ ಇಲ್ಲ! ಕೊನೆಗೆ ಡಾಲರ್ ಚಿಹ್ನೆಯನ್ನು ಎಬ್ಬಿಸಿ, ಆ ಮನೆಯಲ್ಲಿ 1 ಎಂಬ ಅಂಕಿಯನ್ನು ಕೂರಿಸಿದರು. ದುಡ್ಡಿನ ಗುರುತನ್ನೇ ಒತ್ತುವರಿ ಮಾಡಿಕೊಂಡ ಸಾಲ ಇನ್ನೆಲ್ಲಾದರೂ ಉಂಟಾ?

ನಗು ಸಾಕು. 2024ರ ಲೆಕ್ಕದಲ್ಲಿ ಆ ದೇಶ ಸೈನ್ಯಕ್ಕಿಂತ ಜಾಸ್ತಿ ಖರ್ಚು ಮಾಡಿದ್ದು ಬಡ್ಡಿಗೆ. ಬಡ್ಡಿ ಕಟ್ಟಿದರೆ ಒಂದು ಸೇತುವೆಯೂ ಏಳುವುದಿಲ್ಲ, ಒಂದು ಮಗುವಿಗೂ ಪಾಠ ಆಗುವುದಿಲ್ಲ. ತಿಂದವರು ಯಾರೋ, ಕಟ್ಟುವವರು ಇನ್ನೂ ಹುಟ್ಟಿಲ್ಲ. ರಾಜಕಾರಣಿಗಳನ್ನು ಬೈಯಿರಿ, ನಾನೂ ಬೈಯುತ್ತೇನೆ. ಆದರೆ ತೆರಿಗೆ ಇಳಿಸ್ತೀನಿ ಅಂದವನಿಗೂ ಚಪ್ಪಾಳೆ, ಪಿಂಚಣಿ ಮುಟ್ಟಲ್ಲ ಅಂದವನಿಗೂ ಚಪ್ಪಾಳೆ ಹೊಡೆದವರು ಯಾರು? ಮತದಾರ ಮಹಾಪ್ರಭು ಅಲ್ವಾ?

ನಿಜ ಹೇಳಿದವನೂ ಒಬ್ಬನಿದ್ದ. 1984ರಲ್ಲಿ ವಾಲ್ಟರ್ ಮಾಂಡೇಲ್ ಅಧ್ಯಕ್ಷಗಿರಿಗೆ ನಿಂತು, ಗೆದ್ದರೆ ತೆರಿಗೆ ಏರಿಸುತ್ತೇನೆ ಅಂತ ವೇದಿಕೆಯ ಮೇಲೇ ಹೇಳಿಬಿಟ್ಟರು. ಎದುರಾಳಿಯೂ ಏರಿಸುತ್ತಾರೆ, ಬಾಯಿ ಬಿಡುವುದಿಲ್ಲ ಅಷ್ಟೇ ಅಂತಲೂ ಸೇರಿಸಿದರು. 50 ರಾಜ್ಯಗಳಲ್ಲಿ 49ರಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಉಳಿದ ಆ ಒಂದು ಅವರ ಸ್ವಂತ ರಾಜ್ಯ. ಅಲ್ಲೂ ಗೆದ್ದದ್ದು ಕೂದಲೆಳೆಯಲ್ಲಿ.