ಬಿಟ್ಟಿಯಾಗಿ ಬೆಳ್ಳಗಾದವನ ಗೋಳು

ನಮ್ಮೂರಲ್ಲಿ ಮತ್ತೊಂದು ಸ್ಕಿನ್ ಕ್ಲಿನಿಕ್ ಶುರುವಾಗಿದೆ. ಶಾಸಕರೇ ಬಂದು ಟೇಪು ಕತ್ತರಿಸಿದರು. ಫ್ಲೆಕ್ಸಿನಲ್ಲಿ ಹಾಲಿನ ಬಣ್ಣದ ಹುಡುಗಿ, ಕೆಳಗೆ 'ಏಳೇ ಸಿಟ್ಟಿಂಗಿನಲ್ಲಿ ಬೆಳ್ಳಗಾಗಿ!' ನಾನು ಒಂದೂ ಸಿಟ್ಟಿಂಗ್ ಇಲ್ಲದೆ ಆಗುತ್ತಿದ್ದೇನೆ. ಮೊಣಕೈ ಮೇಲೆ ಹುಣಸೆ ಬೀಜದಷ್ಟಿದ್ದ ಮಚ್ಚೆ ಆಷಾಢ ಮುಗಿಯುವಷ್ಟರಲ್ಲಿ ಎಂಟಾಣೆಯಷ್ಟಾಯಿತು.

ಹೋಗಿ ತೋರಿಸಿದೆ. 'ತೊನ್ನಾ? ಅದು ನಾವು ನೋಡಲ್ಲ ಸಾರ್. ಫೇಶಿಯಲ್ ಆಫರ್ ಇದೆ, ಮಾಡಿಸ್ತೀರಾ?' ಎಂದಳು ಕೌಂಟರಿನ ಹುಡುಗಿ. ಸರಿ ತಾನೇ? ಕಪ್ಪನ್ನು ಬಿಳಿ ಮಾಡಿದರೆ ಲಾಭ. ಬಿಳಿಯನ್ನು ಕಪ್ಪು ಮಾಡುವ ಗಟ್ಟಿಗರೂ ಊರಲ್ಲಿ ಜಾಸ್ತಿಯೇ ಇದ್ದಾರೆ, ಆದರೆ ಅವರೆಲ್ಲ ನೋಟಿನ ಕಡೆಯವರು.

ಹಾಗಂತ ವೈದ್ಯರ ಕೊರತೆ ಇದೆ ಅನ್ನಬೇಡಿ. ಕ್ಷೌರದಂಗಡಿಯಲ್ಲಿ, 'ಮೀನು ತಿಂದು ಹಾಲು ಕುಡಿದಿದ್ರಾ?' ಎಂದರು. ನಾನು ಮೀನು ಮುಟ್ಟುವವನೇ ಅಲ್ಲ. ದೊಡ್ಡಮ್ಮ ನಾಗದೋಷ ಎಂದಳು. 'ಹಾವು ಹೊಡೆದಿದ್ಯೇನೋ?' ನಾನು ಇದುವರೆಗೆ ಹೊಡೆದಿರುವುದು ಸೊಳ್ಳೆ ಮಾತ್ರ. ಆದರೂ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆವು. ದರ್ಶನ ಚೆನ್ನಾಗಾಯಿತು. ಆಮೇಲೆ ಗೆಳೆಯನೊಬ್ಬ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಲ್ಲಿ ನಿಲ್ಲಿಸಿದ. ಸಂಜೆಗೆ ಬೊಬ್ಬೆ ಎದ್ದಿತು. 'ಬಣ್ಣ ಬಂತಲ್ವಾ?' ಎಂದ ಪುಣ್ಯಾತ್ಮ.

ಇನ್ನು ಲಾಡ್ಜ್ ಡಾಕ್ಟರು. ತಿಂಗಳ ಎರಡನೇ ಮಂಗಳವಾರ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿಗೆ ಬರುತ್ತಾರೆ. ತೊನ್ನು, ಮೂಲವ್ಯಾಧಿ, ಕುಡಿತ, ಎಲ್ಲಕ್ಕೂ ಒಂದೇ ರೂಮು, ಪ್ರಾಯಶಃ ಒಂದೇ ಪುಡಿ. 'ಗ್ಯಾರಂಟಿ' ಎಂಬ ಅವರ ಪೋಸ್ಟರು ಪೊಲೀಸ್ ಠಾಣೆಯ ಕಾಂಪೌಂಡಿಗೇ ಅಂಟಿದೆ. ಇಂಥ ಜಾಹೀರಾತು ಹಾಕಬಾರದು ಎಂದು 1954ರಲ್ಲೇ ಕಾಯ್ದೆ ಬಂದಿದೆ, ಅದರ ಪಟ್ಟಿಯಲ್ಲಿ ತೊನ್ನೂ ಇದೆ. ಕಾಯ್ದೆಗೀಗ 70 ದಾಟಿದೆ. ಪಾಪ, ಕಣ್ಣು ಕಾಣಿಸುವುದಿಲ್ಲ.

ಕೊನೆಗೆ ಜಿಲ್ಲಾ ಕೇಂದ್ರದಲ್ಲಿ ನಿಜವಾದ ಚರ್ಮದ ಡಾಕ್ಟರು ಸಿಕ್ಕರು. ಮೈಯ ಕಾವಲುಗಾರರೇ ಬಣ್ಣ ಮಾಡುವ ಕಣಗಳನ್ನು ಶತ್ರು ಅಂದುಕೊಂಡು ಹೊಡೆಯುತ್ತಾರಂತೆ. ಮೀನು, ಹಾಲು, ಹಾವು ಯಾವುದರದ್ದೂ ತಪ್ಪಿಲ್ಲ. ಮುಲಾಮು ಬರೆದುಕೊಟ್ಟರು. ಜೊತೆಗೆ ವಾರಕ್ಕೆರಡು ಸಲ ಅಲ್ಟ್ರಾವಯಲೆಟ್ ಬೆಳಕಿಗೆ ಮೈಯೊಡ್ಡಬೇಕು, ತಿಂಗಳುಗಟ್ಟಲೆ. ಹೋಗಿ ಬರಲು ಐದು ಗಂಟೆ ಬಸ್ಸು. 'ಶಕ್ತಿ' ನನ್ನ ಹೆಂಡತಿಗಿದೆ, ಮಚ್ಚೆ ನನಗಿದೆ.

ನನ್ನದೇನು, ತುಂಬು ತೋಳಿನ ಅಂಗಿ ಹಾಕಿದರೆ ಮುಗಿಯಿತು. ಆ ಬೆಂಚಿನ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೂತಿದ್ದಳು. ತುಟಿಯ ಪಕ್ಕ ಮಚ್ಚೆ. ಹಾಸ್ಟೆಲಿನಲ್ಲಿ ಅವಳಿಗೆ ಬೇರೆ ಲೋಟ ಇಟ್ಟಿದ್ದಾರಂತೆ. ಅಂಟುವುದಿಲ್ಲ ಕಣ್ರೀ. ಮುಟ್ಟಿದರೂ ಅಂಟುವುದಿಲ್ಲ, ಎಂಜಲಿಗೂ ಅಂಟುವುದಿಲ್ಲ. ಪ್ರತಿ ಜೂನ್ 25ಕ್ಕೆ ವಿಶ್ವ ತೊನ್ನು ದಿನ ಅಂತ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೀರಲ್ಲ, 26ಕ್ಕೆ ಆ ಲೋಟ ಎತ್ತಿಡಲು ಯಾರಾದರೂ ಹೋಗಿದ್ದೀರಾ? ಥೂ.

ಮುಂದಿನ ಗುರುವಾರ ಹೋದೆ. ಮಷಿನ್ ಕೆಟ್ಟಿದೆ, ಬರುವ ವಾರ ಬನ್ನಿ ಎಂದರು. ಆ ಹುಡುಗಿಯ ಅಪ್ಪ ಆಗಲೇ ಹೊರಗೆ ನಿಂತು, ವಾಪಸ್ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದ.